ಗೆರೆ ಹಾಕುವ ಕೈಗೂ ಮಜೂರಿ ಬೇಕು

(ರಾಯಚೂರಿನಲ್ಲಿ ನಗರದ ಹಾಗೂ ದೇವದುರ್ಗ, ಮಾನ್ವಿ ಕಡೆಯ ಚರ್ಮದ ಕೆಲಸಗಾರರು, ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಸ್ಥರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಬೆಲ್ಟಿನ ಮೇಲಿನ ಚಿತ್ರದ ಹೊಲಿಗೆಯನ್ನು ಕುರಿತು ನಾನು ಮಾತನಾಡುತ್ತೇನೆಂದು ತಿಳಿದಾಗ ಕೆಲವು ಗೆಳೆಯರು ನಕ್ಕರು. ಬೆಲೆ ಏರಿಕೆ ಇದೆ, ನಿರುದ್ಯೋಗ ಇದೆ, ಕಾಲುವೆಯ ಕೊನೆಯ ಹೊಲಕ್ಕೆ ನೀರಿಲ್ಲ. ಇವನ್ನೆಲ್ಲ ಬಿಟ್ಟು ಸಮಾಜವಾದಿಗಳು ನಡುಪಟ್ಟಿಯ ಬಳ್ಳಿ ಹೂವಿನ ಮಾತಿಗೆ ಯಾಕೆ ಬಂದರು ಎಂದು ಕೇಳಿದರು. ಅವರ ಪ್ರಶ್ನೆಗೆ ಉತ್ತರ ಹೇಳಿಯೇ ಮುಂದಕ್ಕೆ ಹೋಗುತ್ತೇನೆ.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಆ ಸತ್ಯಾಗ್ರಹದ ಹೆಸರು ನಿಮಗೆಲ್ಲ ಗೊತ್ತು. ಶಾಂತವೇರಿ ಗೋಪಾಲಗೌಡರು ಅದರಲ್ಲಿ ದುಡಿದರು, ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ದಸ್ತಗಿರಿಯಾದರು. ಆದರೆ ಅದು ಯಾವುದರಿಂದ ಹೊತ್ತಿಕೊಂಡಿತು ಎಂಬುದನ್ನು ಮರೆಯಬಾರದು. ಹೊತ್ತಿಕೊಂಡದ್ದು ಒಂದು ಕೊಳಗದಿಂದ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರು ತಮ್ಮದೇ ದೊಡ್ಡ ಕೊಳಗ ಇಟ್ಟುಕೊಂಡಿದ್ದರು. ಬೆಳೆ ಬೆಳೆದವನು ಒಬ್ಬ, ಅಳೆಯುವವನು ಇನ್ನೊಬ್ಬ. ಅಳತೆ ಯಾರ ಕೈಯಲ್ಲಿದೆಯೋ ಬೆಲೆಯೂ ಅವರ ಕೈಯಲ್ಲಿ ಎಂಬ ಸತ್ಯವನ್ನು ಕಾಗೋಡಿನ ದೀವರು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ, ಕಣದಲ್ಲಿ ನಿಂತು ಕಲಿತರು.

ಚರ್ಮದ ಕೆಲಸದಲ್ಲಿ ಇದರ ತಿರುವುಮುರುವು ನಡೆದಿದೆ. ಇಲ್ಲಿ ಅಳೆಯುವವನು ಕೆಲಸಗಾರನೇ. ಗೆರೆ ಎಳೆಯುವವನೂ ಅವನೇ, ಮನೆ ಪಾಲು ಮಾಡುವವನೂ ಅವನೇ. ಆದರೆ ಆ ಅಳತೆಗೆ ಒಂದು ಪೈಸೆಯ ಮಜೂರಿಯೂ ಇಲ್ಲ. ಬೆಲ್ಟಿಗೆ ಇಷ್ಟು ಎಂದು ಎಣಿಸಿ ಕೊಡುತ್ತಾರೆ. ಆ ‘ಇಷ್ಟು’ರಲ್ಲಿ ಚುಚ್ಚಿದ್ದಕ್ಕೆ, ಹೊಲಿದದ್ದಕ್ಕೆ, ಬಕಲು ಕೂಡಿಸಿದ್ದಕ್ಕೆ ಲೆಕ್ಕ ಇರುತ್ತದೆ, ಆಲೋಚನೆ ಮಾಡಿದ್ದಕ್ಕೆ ಇರುವುದಿಲ್ಲ. ನಾನು ಇಂದು ಹೇಳಬೇಕಾದದ್ದು ಇಷ್ಟೇ: ಗೆರೆ ಹಾಕುವುದು ಬೇರೆಯದೇ ಒಂದು ಕೆಲಸ, ಕಠಿಣವಾದ ಕೆಲಸ, ಮತ್ತು ಅದಕ್ಕೆ ಬೇರೆಯೇ ಮಜೂರಿ ಸಲ್ಲಬೇಕು.

ಎಳೆಯಿಲ್ಲದ ಬಟ್ಟೆ

ಮೊದಲು ಕೆಲಸವನ್ನು ತಿಳಿಯೋಣ. ತಿಳಿಯದೆ ಮಜೂರಿ ಕೇಳಿದರೆ ಬೇಡಿದಂತಾಗುತ್ತದೆ. ತಿಳಿದು ಕೇಳಿದರೆ ಹಕ್ಕು.

ಧಾರವಾಡದ ಸೀಮೆಯ ಕಸೂತಿಯನ್ನು ಇಲ್ಲಿರುವ ತಾಯಂದಿರು ಬಲ್ಲರು. ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತ ಹೋಗುತ್ತಾರೆ. ಹಾಸು ಹೊಕ್ಕು ಅವರಿಗೆ ಚೌಕದ ಮನೆಗಳನ್ನು ಹಾಕಿಕೊಟ್ಟಿರುತ್ತವೆ, ಅಂದರೆ ಅರ್ಧ ಅಳತೆಯನ್ನು ನೇಕಾರನೇ ಮಾಡಿ ಮುಗಿಸಿರುತ್ತಾನೆ. ಚರ್ಮಕ್ಕೆ ಎಳೆ ಇಲ್ಲ, ಎಣಿಸಲು ಏನೂ ಇಲ್ಲ. ಹದ ಮಾಡಿದ ತೊಗಲು ಬರಿಯ ಬಯಲು. ಆ ಬಯಲಿನಲ್ಲಿ ಚೌಕ, ಅಂಚು, ನಡು ಎಲ್ಲವನ್ನೂ ಕೆಲಸಗಾರನೇ ಹುಟ್ಟಿಸಬೇಕು. ಅದೂ ಅಲ್ಲದೆ ಬಟ್ಟೆಯಲ್ಲಿ ತಪ್ಪಿದರೆ ದಾರ ಬಿಚ್ಚಬಹುದು. ಚರ್ಮದಲ್ಲಿ ಒಮ್ಮೆ ಬಿದ್ದ ತೂತು ಬಿದ್ದಹಾಗೆಯೇ. ಆದ್ದರಿಂದಲೇ ಇಲ್ಲಿ ಮೊದಲು ಗೆರೆ, ಆಮೇಲೆ ಆರಿ. ಅಂಗಳದಲ್ಲಿ ಮೊದಲು ಚುಕ್ಕಿ ಇಟ್ಟು ಆಮೇಲೆ ರಂಗೋಲಿಯ ಗೆರೆ ಎಳೆಯುವ ಹೆಣ್ಣುಮಗಳಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಬೆಲ್ಟಿನ ಲೆಕ್ಕ

34 ಇಂಚಿನ ಸೊಂಟಕ್ಕೆ, ಒಂದೂವರೆ ಇಂಚು ಅಗಲದ ಬೆಲ್ಟು ಮಾಡಬೇಕಾಗಿದೆ ಎನ್ನೋಣ. ಬಕಲಿನ ಮಡಿಕೆಯಿಂದ ನಡುವಿನ ತೂತಿನವರೆಗೆ 34 ಇಂಚು. ತೂತುಗಳು ಐದು, ಒಂದೊಂದು ಇಂಚಿಗೆ ಒಂದು. ಆದ್ದರಿಂದ ಮೊದಲನೆಯದು 32ಕ್ಕೆ, ಕಡೆಯದು 36ಕ್ಕೆ ಬೀಳುತ್ತದೆ. ಅದರಾಚೆ ತುದಿಗೆ ನಾಲ್ಕು ಇಂಚು ಬಿಟ್ಟರೆ 40. ಬಕಲು ಕೂಡಿಸಲು ಒಳಮಡಿಕೆಗೆ ಮೂರು ಇಂಚು. ಒಟ್ಟು 43 ಇಂಚು ಚರ್ಮ ಬೇಕು. ಅದನ್ನು ಬೆನ್ನಿನ ಭಾಗದಿಂದ ಕತ್ತರಿಸಬೇಕು. ಹೊಟ್ಟೆಯ ಭಾಗದ ಚರ್ಮ ಹಿಗ್ಗುತ್ತದೆ, ಇವತ್ತು ಹಾಕಿದ ಗೆರೆ ಮುಂದಿನ ವರ್ಷ ಓರೆಯಾಗುತ್ತದೆ.

ಚಿತ್ರಕ್ಕೆ ಈ ಉದ್ದವೆಲ್ಲ ಸಿಗುವುದಿಲ್ಲ. ಬಕಲಿನ ಕಡೆ ಮಡಿಕೆಗೂ ಕುಣಿಕೆಗೂ ಮೂರು ಇಂಚು ಬಿಡಬೇಕು. ಇತ್ತ ಮೊದಲನೆಯ ತೂತಿಗಿಂತ ಒಂದು ಇಂಚು ಮೊದಲೇ ನಿಲ್ಲಬೇಕು. ಇಲ್ಲವಾದರೆ ಬಕಲಿನ ಮುಳ್ಳು ದಾರವನ್ನು ತಿನ್ನುತ್ತದೆ. ಅಂದರೆ ಚಿತ್ರದ ಜಾಗ 3ರಿಂದ 31ರ ತನಕ, 28 ಇಂಚು. ಇದರ ನಡು ಎಲ್ಲಿ ಬೀಳುತ್ತದೆ ನೋಡಿ: 17ಕ್ಕೆ. 34ರ ಅರ್ಧ 17. ಬೆಲ್ಟು ಕಟ್ಟಿಕೊಂಡಾಗ ಚಿತ್ರದ ನಡು ಸರಿಯಾಗಿ ಬೆನ್ನುಮೂಳೆಯ ಮೇಲೆ ಕೂಡುತ್ತದೆ. ಎರಡೂ ಕಡೆ ಮೂರು ಮೂರು ಇಂಚು ಬಿಡುವುದರ ಗುಟ್ಟು ಇದು. ಸೊಂಟ ಎಷ್ಟೇ ಇರಲಿ, ಈ ಲೆಕ್ಕ ತಪ್ಪುವುದಿಲ್ಲ.

ಇನ್ನು ಅಗಲ. ಎರಡೂ ಅಂಚಿನಿಂದ ಇಂಚಿನ ಎಂಟನೇ ಒಂದು ಭಾಗ ಒಳಗೆ ಅಂಚಿನ ಹೊಲಿಗೆ. ಅಲ್ಲಿಂದ ಮತ್ತೆ ಅಷ್ಟೇ ಬಿಟ್ಟರೆ ಚಿತ್ರಕ್ಕೆ ಉಳಿಯುವ ಅಗಲ ಒಂದು ಇಂಚು. ಚಿತ್ರ ಯಾವುದು? ಸಾಲಾಗಿ ಶಂಕರಪಾಳಿಯ ಆಕಾರ ಎನ್ನೋಣ, ತುದಿಗೆ ತುದಿ ತಾಗಿದ ಸರಪಳಿಯ ಹಾಗೆ. ಒಂದು ಶಂಕರಪಾಳಿ ಕೂಡುವ ಜಾಗವನ್ನು ಒಂದು ಮನೆ ಎಂದು ಕರೆಯೋಣ. 28 ಇಂಚಿನಲ್ಲಿ ಎಷ್ಟು ಮನೆ ಮಾಡಬೇಕು?

ಇಲ್ಲಿ ಓದು ಬಲ್ಲವನು ಭಾಗಾಕಾರಕ್ಕೆ ಕೂಡುತ್ತಾನೆ. ಕಸಬು ಬಲ್ಲವನು ಒಂದು ಕಾಗದದ ಪಟ್ಟಿ ತೆಗೆದುಕೊಳ್ಳುತ್ತಾನೆ. 28 ಇಂಚಿನ ಪಟ್ಟಿಯನ್ನು ಅರ್ಧ ಮಡಿಸಿದರೆ 14, ಮತ್ತೆ ಮಡಿಸಿದರೆ 7, ಮತ್ತೆ ಮೂರೂವರೆ, ನಾಲ್ಕನೆಯ ಸಲಕ್ಕೆ ಒಂದೂ ಮುಕ್ಕಾಲು. ಬಿಚ್ಚಿದರೆ ಹದಿನಾರು ಮನೆಗಳು, ಒಂದಕ್ಕೊಂದು ಸಮ. ಅಂಕಿ ಬಾರದಿದ್ದರೂ ಸರಿ, ಅಡಿಪಟ್ಟಿ ಕೈಯಲ್ಲಿ ಇಲ್ಲದಿದ್ದರೂ ಸರಿ.

ಒಂದು ಮನೆಯ ಒಂದು ಓರೆಗೆರೆ ಅಡ್ಡಕ್ಕೆ ಮುಕ್ಕಾಲು ಇಂಚಿಗೆ ಚೂರು ಹೆಚ್ಚು, ಮೇಲಕ್ಕೆ ಅರ್ಧ ಇಂಚು. ಆ ಓರೆಯನ್ನು ಅಳೆದು ನೋಡಿ, ಹೆಚ್ಚು ಕಡಿಮೆ ಒಂದು ಇಂಚೇ ಬರುತ್ತದೆ. ಇಂಚಿಗೆ ಎಂಟು ಹೊಲಿಗೆಯಂತೆ ಒಂದು ಓರೆಗೆ ಎಂಟು. ಎಂಟನ್ನು ಹಾಕುವುದಕ್ಕೂ ಲೆಕ್ಕ ಬೇಕಾಗಿಲ್ಲ: ಕೈವಾರದ ಮೊನೆಯಿಂದ ಅರ್ಧ, ಅರ್ಧದಲ್ಲಿ ಅರ್ಧ, ಅದರಲ್ಲಿ ಮತ್ತೆ ಅರ್ಧ. ಹೀಗೆ ಮಾಡಿದರೆ ಪ್ರತಿಯೊಂದು ಮೂಲೆಯಲ್ಲೂ ತಪ್ಪದೆ ಒಂದು ತೂತು ಬೀಳುತ್ತದೆ. ಚಿತ್ರದ ಹೊಲಿಗೆಯ ಮೊದಲನೆಯ ನಿಯಮ ಅದೇ. ಮೂಲೆಯಲ್ಲಿ ತೂತಿಲ್ಲದಿದ್ದರೆ ದಾರ ಮೂಲೆಯನ್ನು ಕತ್ತರಿಸಿಕೊಂಡು ಹೋಗುತ್ತದೆ, ಶಂಕರಪಾಳಿ ಮೊಂಡಾಗುತ್ತದೆ. ಒಂದು ಮನೆಗೆ ನಾಲ್ಕು ಓರೆ, ಓರೆಗೆ ಎಂಟು ಹೊಲಿಗೆ, ಮನೆಗಳು ಹದಿನಾರು. ಒಟ್ಟು 512 ಹೊಲಿಗೆ. ಅಂಚಿನ ಹೊಲಿಗೆ ಬೇರೆ.

ಮುಂದೆ 36ರ ಸೊಂಟದ ಗಿರಾಕಿ ಬಂದರೆ? ಚಿತ್ರದ ಜಾಗ 30 ಇಂಚು. ಹದಿನಾರು ಮನೆಯನ್ನೇ ಇಟ್ಟುಕೊಂಡು ಕಾಗದವನ್ನು ಹೊಸದಾಗಿ ಮಡಿಸಿದರೆ ಆಯಿತು. ಪ್ರತಿ ಮನೆ ಇಂಚಿನ ಎಂಟನೇ ಒಂದು ಭಾಗ ಹಿಗ್ಗುತ್ತದೆ, ಗಿರಾಕಿಯ ಕಣ್ಣಿಗೆ ಕಾಣುವುದಿಲ್ಲ. 32ಕ್ಕೆ ಅಷ್ಟೇ ಕುಗ್ಗುತ್ತದೆ. ಯಾವ ಅಳತೆಯಲ್ಲೂ ಕೊನೆಗೆ ಅರ್ಧ ಶಂಕರಪಾಳಿ ಉಳಿಯುವುದಿಲ್ಲ.

ಮಡಿಕೆಯ ಬದಲು ಒಂದು ತುದಿಯಿಂದ ಕೈವಾರ ಹಿಡಿದು ಮನೆ ಮನೆಯಾಗಿ ಎಣಿಸುತ್ತ ಹೋದರೆ ಏನಾಗುತ್ತದೆ? ಕೈವಾರ ಇಂಚಿನ ಮೂವತ್ತೆರಡನೇ ಒಂದು ಭಾಗದಷ್ಟು, ಒಂದು ಉಗುರಿನ ದಪ್ಪದಷ್ಟು ತಪ್ಪಿತು ಎನ್ನೋಣ. ಹದಿನಾರು ಮನೆ ದಾಟುವಷ್ಟರಲ್ಲಿ ಆ ತಪ್ಪು ಅರ್ಧ ಇಂಚಾಗುತ್ತದೆ. ಆದ್ದರಿಂದ ಬಲ್ಲವರು ಮೊದಲು ನಡು ಹಿಡಿಯುತ್ತಾರೆ, ಆಮೇಲೆ ಎರಡು ಕಡೆಗೂ ಹೋಗುತ್ತಾರೆ. ಉಳಿತಾಯ ಬಿದ್ದರೂ ಎರಡು ತುದಿಗೂ ಸಮನಾಗಿ ಬೀಳುತ್ತದೆ.

ಕಾಗದದ ಮೇಲೆ ಹೀಗೆ ತೀರ್ಮಾನವಾದ ಮೇಲೆಯೇ ಚರ್ಮ ಮುಟ್ಟುವುದು. ತಂಗಡಿ, ಜಾಲಿಯ ತೊಗಟೆಯಿಂದ, ಅಳಲೆಕಾಯಿಯಿಂದ ಹದ ಮಾಡಿದ ಚರ್ಮವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕಾಗದವನ್ನು ಮೇಲಿಟ್ಟು ಮೂಲೆಗಳನ್ನು ಮೊನೆಯಿಂದ ಒತ್ತಿದರೆ ಗುರುತು ನಿಲ್ಲುತ್ತದೆ. ಕ್ರೋಮಿಯಂ ಉಪ್ಪಿನಲ್ಲಿ ಹದವಾದ ಮೆತ್ತನೆಯ ಚರ್ಮದ ಮೇಲೆ ಆ ಗುರುತು ಹಾಗೆ ನಿಲ್ಲುವುದಿಲ್ಲ. ತೊಗಟೆಯ ಹದ ಬೆಲ್ಟಿಗೆ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಅಂದ ಮಾತ್ರವಲ್ಲ, ಬಲವೂ ಹೌದು

ಗಿರಣಿಯ ಬಂಧುಗಳು ಇದನ್ನು ಬೇಗ ಒಪ್ಪುತ್ತಾರೆ. ಹಿಂದೆ ಹತ್ತಿಯ ಜಿನ್ನುಗಳಲ್ಲಿ ಒಂದೇ ದಂಡದಿಂದ ಸಾಲು ಯಂತ್ರಗಳಿಗೆ ಚರ್ಮದ ಪಟ್ಟಿ ಓಡುತ್ತಿದ್ದ ಕಾಲವನ್ನು ಹಿರಿಯರಿಂದ ಕೇಳಿದ್ದೀರಿ. ಆ ಪಟ್ಟಿಯ ಕೂಡು ಚೂರು ಓರೆಯಾಗಿ ಕತ್ತರಿಸಿದ್ದರೆ ಪಟ್ಟಿ ಗಾಲಿಯಿಂದ ಜಾರುತ್ತಿತ್ತು. ಕೂಡಿನ ತೂತುಗಳನ್ನು ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಹಾಕಿದ್ದರೆ ಅಲ್ಲಿಯೇ ಹರಿಯುತ್ತಿತ್ತು. ಅದಕ್ಕಾಗಿ ಎರಡು ಸಾಲು ಮಾಡಿ, ಒಂದರ ಸಂದಿಗೆ ಇನ್ನೊಂದು ಬರುವಂತೆ ಹಾಕುತ್ತಿದ್ದರು. ಚಿತ್ರದ ಹೊಲಿಗೆಗೂ ಅದೇ ಧರ್ಮ. ಅಂಚೆಚೀಟಿಯ ಹಾಳೆಯಲ್ಲಿ ಸಾಲು ತೂತು ಹಾಕಿರುವುದು ಹರಿಯಲಿ ಎಂದೇ. ಬೆಲ್ಟಿನ ಅಡ್ಡಕ್ಕೆ ನೇರವಾಗಿ ಒತ್ತು ಹೊಲಿಗೆ ಹಾಕಿದರೆ ನಾವೂ ಅದನ್ನೇ ಮಾಡಿದಂತೆ. ಓರೆ ಗೆರೆ, ಅಲೆಯ ಗೆರೆ, ಬಳ್ಳಿಯ ಗೆರೆ ಬೆಲ್ಟಿನ ಉದ್ದಕ್ಕೆ ಹರಿದುಕೊಂಡು ಹೋಗುತ್ತವೆ; ಎಳೆತವನ್ನು ಒಂದೇ ಜಾಗದಲ್ಲಿ ಕೂಡಿಡುವುದಿಲ್ಲ.

ಎರಡು ಸೂಜಿಯ ಕೈಹೊಲಿಗೆಯ ಬಲವನ್ನೂ ಹೇಳಬೇಕು. ಮೇಣ ತೀಡಿದ ದಾರದ ಎರಡು ತುದಿಯೂ ಪ್ರತಿಯೊಂದು ತೂತಿನಲ್ಲಿ ಹಾದು ಬರುತ್ತವೆ. ಒಂದು ಕಡೆ ದಾರ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮೇಲೆಯೇ, ಕೆಳಗಿನದು ಕೆಳಗೆಯೇ. ಒಂದು ಕಡೆ ಹರಿದರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಸಂದಿಯನ್ನು ಬರುವಾಗ ತುಂಬುತ್ತಾರಲ್ಲ, ಚರ್ಮದ ಕೈಹೊಲಿಗೆಯೂ ಅದೇ ಜಾತಿಯದು. ಎರಡು ಮಗ್ಗುಲೂ ಒಂದೇ ರೀತಿ ಕಾಣುತ್ತದೆ.

ಎತ್ತಿನ ಕೊರಳಪಟ್ಟಿ

ನಮ್ಮ ಜಿಲ್ಲೆಯಲ್ಲಿ ಬೆಲ್ಟು ಎಂದರೆ ಮನುಷ್ಯನ ನಡುವಿಗೆ ಕಟ್ಟುವುದು ಮಾತ್ರ ಅಲ್ಲ. ಎತ್ತಿನ ಕೊರಳಿಗೂ ಬೇಕು. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಲು ಸುತ್ತಿನ ಊರುಗಳಿಂದ ಜನ ಬರುತ್ತಾರೆ. ಎತ್ತನ್ನು ಸಿಂಗರಿಸುವ ರೈತ ಗೆಜ್ಜೆಯ ಕೊರಳಪಟ್ಟಿಯ ಅಂದವನ್ನು ನೋಡಿಯೇ ಕೊಳ್ಳುತ್ತಾನೆ. ಗೆಜ್ಜೆಪಟ್ಟಿಯ ಗೆರೆಗೆ ಬೇರೆ ಕ್ರಮ. ಮೊದಲು ಗೆಜ್ಜೆಯ ಜಾಗ, ಆಮೇಲೆ ಹೊಲಿಗೆ. ಗೆಜ್ಜೆ ಬೆಸ ಸಂಖ್ಯೆಯಲ್ಲಿರಬೇಕು, ಆಗ ಒಂದು ಸರಿಯಾಗಿ ಗಂಟಲಿನ ಕೆಳಗೆ ಬರುತ್ತದೆ. ಗೆಜ್ಜೆಯ ತೂತಿನಿಂದ ಒಂದು ಬೆರಳು ದೂರ ಬಿಟ್ಟೇ ಹೊಲಿಗೆ ಹಾಕಬೇಕು. ಜಗ್ಗುವ ಜಾಗದಲ್ಲಿ ಇನ್ನೊಂದು ತೂತು ಕೂಡದು.

ಆದರೆ ಈ ಕೆಲಸಕ್ಕೆ ಕುತ್ತು ಬಂದಿದೆ. ಮಾನ್ವಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂತು, ದೇವದುರ್ಗದ ಕಡೆ ನಾರಾಯಣಪುರದ ಬಲದಂಡೆ ಕಾಲುವೆ ಬಂತು. ಜೋಳದ ಹೊಲ ಭತ್ತದ ಗದ್ದೆಯಾಯಿತು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂತು. ನೀರು ಬಂದದ್ದು ಒಳ್ಳೆಯದೇ, ನಾವು ಅದಕ್ಕೆ ಎದುರಲ್ಲ. ಆದರೆ ಎತ್ತು ಹೋದ ಮನೆಯಲ್ಲಿ ಮಿಣಿ, ಬಾರುಕೋಲು, ಕೊರಳಪಟ್ಟಿ ಇವುಗಳ ಕೆಲಸವೂ ಹೋಯಿತು. ಉಳಿದ ಎತ್ತುಗಳಿಗೂ ನೈಲಾನ್ ಪಟ್ಟಿ ಬಂದಿದೆ. ಮೇಲಾಗಿ ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆ 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಉಳಿದ ದನಗಳ ವಧೆಯನ್ನು ನಿಷೇಧಿಸಿತು. ಕಾಯಿದೆ ಮಾಡಿದವರು ಚರ್ಮದಿಂದಲೇ ಅನ್ನ ತಿನ್ನುವ ಮನೆಗಳ ಲೆಕ್ಕ ಹಾಕಲಿಲ್ಲ. ಕಚ್ಚಾಮಾಲು ಸುಲಭವಾಗಿ ಸಿಗದ ಕಾಲದಲ್ಲಿ ಒಂದು ಪಟ್ಟಿ ಕೆಟ್ಟರೂ ಆ ದಿನದ ಗಂಜಿಗೆ ಕೊರತೆ. ಹಾಗಾದಾಗ ಗೆರೆಯ ಕೆಲಸದ ಬೆಲೆ ಇಳಿಯಬೇಕೋ ಏರಬೇಕೋ, ನೀವೇ ಹೇಳಿ.

ಆಲೋಚನೆಗೆ ಬೆಲೆ ಇಲ್ಲವೆ?

ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಮಾತು ನಿಮಗೆ ಹೊಸದಲ್ಲ. “ಸಾವ್ಕಾರ್ರ, ಹೊಸ ನಮೂನಿ ಹಾಕೀನಿ, ಎರಡು ತಾಸು ಬರೇ ಗೆರಿಗೇ ಹಿಡೀತು, ಅದಕ್ಕೊಂದಿಷ್ಟು ಹೆಚ್ಚಿಗಿ ಕೊಡ್ರಿ.” “ಏ ತಮ್ಮಾ, ಗೆರಿ ಎಳದದ್ದಕ್ಕ ಯಾರಾರ ರೊಕ್ಕ ಕೊಡ್ತಾರೇನೋ? ಹೊಲದದ್ದಕ್ಕ ಕೊಡ್ತೀನಿ, ತಗೋ.”

ಯಾರಾದರೂ ಕೊಡುತ್ತಾರೆಯೆ? ಕೊಡುತ್ತಾರೆ. ದರ್ಜಿಯ ದೊಡ್ಡ ಅಂಗಡಿಗೆ ಹೋಗಿ ನೋಡಿ. ಕಟಿಂಗ್ ಮಾಸ್ತರ ಸೂಜಿ ಮುಟ್ಟುವುದಿಲ್ಲ. ಸೀಮೆಸುಣ್ಣದಿಂದ ಗೆರೆ ಹಾಕಿ ಕತ್ತರಿಸುತ್ತಾನೆ, ಹೊಲಿಯುವವನಿಗಿಂತ ಹೆಚ್ಚು ಪಡೆಯುತ್ತಾನೆ. ಮುದ್ರಣಾಲಯದವರು ಚಿತ್ರದ ಬ್ಲಾಕಿನ ಖರ್ಚನ್ನು ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ಬರೆಯುತ್ತಿದ್ದರು. ಮನೆ ಕಟ್ಟಿಸುವವರು ನಕ್ಷೆ ಬರೆದ ಇಂಜಿನಿಯರಿಗೆ ತಕರಾರಿಲ್ಲದೆ ಫೀ ಎಣಿಸುತ್ತಾರೆ. ಬಟ್ಟೆಯ ಗೆರೆಗೆ, ಕಟ್ಟಡದ ಗೆರೆಗೆ ಹಣ ಇದೆ. ಚರ್ಮದ ಗೆರೆಗೆ ಮಾತ್ರ ಇಲ್ಲ. ಯಾಕೆ?

ಯಾಕೆಂದರೆ ನಮ್ಮ ಸಮಾಜ ಚರ್ಮದವನಿಗೆ ಕೈ ಉಂಟು, ತಲೆ ಇಲ್ಲ ಎಂದು ತೀರ್ಮಾನ ಮಾಡಿಬಿಟ್ಟಿದೆ. ಮಾದಿಗರು, ಸಮಗಾರರು, ಡೋಹರರು ಮಾಡುವ ಕೆಲಸದಲ್ಲಿ ಗಣಿತ ಉಂಟೆಂದು ಒಪ್ಪಿಕೊಂಡರೆ ಅವರನ್ನು ಊರ ಹೊರಗೆ ಇಟ್ಟದ್ದಕ್ಕೆ ಏನು ಕಾರಣ ಹೇಳುವುದು? ಹನ್ನೆರಡನೆಯ ಶತಮಾನದ ಹರಳಯ್ಯನ ಕಥೆಯನ್ನು ಪ್ರತಿಯೊಬ್ಬರೂ ಹೇಳುತ್ತಾರೆ. ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದನೆಂದು ಭಕ್ತಿಯನ್ನು ಕೊಂಡಾಡುತ್ತಾರೆ. ಆ ಪಾದರಕ್ಷೆ ಮಾಡಲು ಪಾದದ ಅಳತೆ ಬೇಕಾಗಿತ್ತು, ಕತ್ತರಿಸುವ ಕಣ್ಣು ಬೇಕಾಗಿತ್ತು ಎಂದು ಹೇಳುವವರು ಎಷ್ಟು ಮಂದಿ? ಭಕ್ತಿಗೆ ಕೈ ಮುಗಿದು ಕಸಬನ್ನು ಮರೆತರೆ ಮಜೂರಿ ಕೊಡುವುದು ತಪ್ಪುತ್ತದಲ್ಲ!

ಕಾಯಿದೆಯನ್ನೂ ಒಂದಿಷ್ಟು ತಿಳಿಯೋಣ. 1948ರ ಕನಿಷ್ಠ ವೇತನ ಕಾಯಿದೆಯ ಪಟ್ಟಿಯಲ್ಲಿ ಚರ್ಮ ಹದ ಮಾಡುವ ಮತ್ತು ಚರ್ಮದ ವಸ್ತು ತಯಾರಿಸುವ ಕೆಲಸ ಮೊದಲಿನಿಂದಲೂ ಇತ್ತು. ಅದರ 17ನೆಯ ಕಲಮು ಹೇಳಿದ್ದೇನೆಂದರೆ, ನಗ ಲೆಕ್ಕದಲ್ಲಿ ದುಡಿಸಿಕೊಂಡರೂ, ಆ ಕೆಲಸಕ್ಕೆ ವೇಳೆಯ ಲೆಕ್ಕದ ಕನಿಷ್ಠ ದರ ಮಾತ್ರ ಗೊತ್ತುಮಾಡಿದ್ದರೆ ಅದಕ್ಕಿಂತ ಕಡಿಮೆ ಕೊಡಕೂಡದು. ಆ ಕಾಯಿದೆಯ ಜಾಗಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿತು. ಅದರಲ್ಲೂ ಈ ತತ್ವ ಉಳಿದಿದೆ. ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ ನಮ್ಮ ಆಕ್ಷೇಪಣೆಗಳು ಬೇರೆ ಇವೆ, ಅದು ಇನ್ನೊಂದು ಸಭೆಯ ಮಾತು. ಆದರೆ ಬೆಲ್ಟಿಗೆ ಇಷ್ಟು ಎಂದು ಎಣಿಸಿ ಕೊಡುವವನು ದಿನದ ಕೊನೆಗೆ ಗೆರೆ ಹಾಕಿದ ತಾಸುಗಳನ್ನೂ ಸೇರಿಸಿ ಲೆಕ್ಕ ಮಾಡಬೇಕು ಎಂದು ಕೇಳಲು ನಮಗೆ ಆಧಾರ ಇದೆ. ತಾಸುಗಳನ್ನು ಬರೆದಿಡದವನಿಗೆ ಮಾತ್ರ ಆ ಆಧಾರ ಕೆಲಸಕ್ಕೆ ಬಾರದು.

ನಮೂನೆ ಯಾರದು?

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಶ್ರೀಮಂತ ಕಂಪನಿ ತನ್ನ ಹೊಸ ಉಡುಪುಗಳ ಪ್ರದರ್ಶನದಲ್ಲಿ ಒಂದು ಚಪ್ಪಲಿಯನ್ನು ತೋರಿಸಿತು. ನೋಡಿದವರು ಅದು ಕೊಲ್ಹಾಪುರಿ ಎಂದರು. ಕಂಪನಿ ಮೊದಲು ಆ ಹೆಸರನ್ನೇ ಎತ್ತಿರಲಿಲ್ಲ. ಗದ್ದಲವಾದ ಮೇಲೆ, ಭಾರತದ ಕೈಕಸಬಿನಿಂದ ಪ್ರೇರಣೆ ಪಡೆದೆವು ಎಂದು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮತ್ತು ಕರ್ನಾಟಕದ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಎರಡು ಸಾವಿರ ಜೋಡಿ ಇಲ್ಲಿಯೇ ಮಾಡಿಸಿ ಜೋಡಿಗೆ ಸುಮಾರು 800 ಯೂರೋದಂತೆ ಮಾರುವುದಾಗಿ ಸಾರಿತು.

ಆ ಗದ್ದಲಕ್ಕೆ ಬಲ ಬಂದದ್ದು ಎಲ್ಲಿಂದ? ಕೊಲ್ಹಾಪುರಿ ಚಪ್ಪಲಿಗೆ 2018ರ ಡಿಸೆಂಬರಿನಲ್ಲಿ ಭೌಗೋಳಿಕ ಗುರುತಿನ ಹಕ್ಕು ಸಿಕ್ಕಿತ್ತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳು, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಈ ನಾಲ್ಕು, ಒಟ್ಟು ಎಂಟು ಜಿಲ್ಲೆಗಳ ಕೆಲಸಗಾರರಿಗೆ ಅದು ಸೇರಿದೆ. ನಮೂನೆ ನಮ್ಮದು ಎಂದು ದಾಖಲೆಯಲ್ಲಿ ಇದ್ದುದರಿಂದಲೇ ಮಿಲಾನಿನವರೂ ಉತ್ತರ ಕೊಡಬೇಕಾಯಿತು. ರಾಯಚೂರು ಆ ಎಂಟರಲ್ಲಿ ಇಲ್ಲ. ನಮ್ಮ ಕೊರಳಪಟ್ಟಿಯ ಗೆರೆ, ನಮ್ಮ ನಡುಪಟ್ಟಿಯ ಗೆರೆ ಯಾವ ವಹಿಯಲ್ಲೂ ಬರೆದಿಲ್ಲ. ನಾಳೆ ಯಾರಾದರೂ ಎತ್ತಿಕೊಂಡು ಹೋದರೆ ಇದು ದೇವದುರ್ಗದ್ದು, ಇದು ಮಾನ್ವಿಯದು ಎಂದು ತೋರಿಸಲು ನಮ್ಮ ಬಳಿ ಒಂದು ಹಾಳೆಯೂ ಇರುವುದಿಲ್ಲ.

ಸರಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 1976ರಲ್ಲಿ ಹುಟ್ಟಿದ ಲಿಡ್ಕರ್ ನಿಗಮ ಇಂದು ಬಾಬು ಜಗಜೀವನರಾಮ್ ಅವರ ಹೆಸರಿನಲ್ಲಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸಬುಗಳಲ್ಲಿ ಚಮ್ಮಾರಿಕೆಯೂ ಸೇರಿದೆ. ಸಲಕರಣೆಗೆ 15,000 ರೂಪಾಯಿ, ಶೇಕಡ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಸಾಲ. ಅರ್ಹರಾದವರು ತಪ್ಪದೆ ಪಡೆಯಬೇಕು. ಆದರೆ ಸಲಕರಣೆ ಕೊಟ್ಟರೆ ಬೆಲೆ ಕೊಟ್ಟಂತಾಗಲಿಲ್ಲ. ಹೊಸ ಆರಿಯಿಂದ ಹಳೆಯ ದರಕ್ಕೇ ಹೊಲಿಯುತ್ತ ಕೂತರೆ ಬಡ್ಡಿಯೊಂದು ಹೆಚ್ಚಿಗೆ, ಅಷ್ಟೇ.

ವ್ಯಾಪಾರಸ್ಥ ಮಿತ್ರರಿಗೆ

ಸಣ್ಣ ಅಂಗಡಿಯವರು ನಮ್ಮ ವೈರಿಗಳಲ್ಲ. ದೊಡ್ಡ ಪಟ್ಟಣದ ಸಗಟು ವ್ಯಾಪಾರಿ ಕೆಲಸಗಾರನನ್ನು ಹಿಂಡುವ ಹಾಗೆಯೇ ನಿಮ್ಮನ್ನೂ ಹಿಂಡುತ್ತಾನೆ. ಅಗ್ಗದ ಬೆಲ್ಟಿನ ಗಂಟು ಕಳಿಸುತ್ತಾನೆ. ಅದರಲ್ಲಿ ಬಹಳಷ್ಟು ರೆಕ್ಸಿನ್. ಉಳಿದದ್ದರಲ್ಲಿ ಚರ್ಮದ ಪುಡಿಗೆ ಅಂಟು ಬೆರೆಸಿ, ಅಚ್ಚೊತ್ತಿ, ಚರ್ಮವೆಂದು ಹೆಸರಿಟ್ಟದ್ದೂ ಇರುತ್ತದೆ. ಅಂಥದು ಮಡಿಸಿದಲ್ಲಿ ಬಿರಿಯುತ್ತದೆ. ಗಿರಾಕಿ ಬಂದು ಬೈಯುವುದು ನಿಮ್ಮನ್ನು, ಸಗಟಿನವನನ್ನಲ್ಲ.

ಒಳ್ಳೆಯ ಕೆಲಸವನ್ನು ಗುರುತಿಸುವುದು ಕಷ್ಟವಲ್ಲ. ಬೆಲ್ಟಿನ ತುದಿ ನೋಡಿ: ಮಾರುಗಟ್ಟಲೆ ಹೊಲಿದು ಬೇಕಾದಲ್ಲಿ ತುಂಡರಿಸಿದ ಪಟ್ಟಿಯಾದರೆ ಚಿತ್ರ ಅರ್ಧಕ್ಕೆ ಕಡಿದಿರುತ್ತದೆ. ಸೊಂಟದ ಅಳತೆಗೆ ಗೆರೆ ಹಾಕಿದ ಬೆಲ್ಟಾದರೆ ಮೊದಲ ಮನೆಯೂ ಕಡೆಯ ಮನೆಯೂ ಇಡಿಯಾಗಿರುತ್ತವೆ. ಮೂಲೆಯಲ್ಲಿ ತೂತು ಬಿದ್ದಿದೆಯೇ ನೋಡಿ. ಹಿಂದೆ ತಿರುಗಿಸಿ, ಹೊಲಿಗೆ ಎರಡು ಕಡೆಯೂ ಒಂದೇ ಸಮ ಇದೆಯೇ ನೋಡಿ. ಇದನ್ನು ಗಿರಾಕಿಗೂ ತೋರಿಸಿ ಕೊಡಿ. ತೋರಿಸಿದರೆ ನಾಲ್ಕು ರೂಪಾಯಿ ಹೆಚ್ಚು ಕೇಳಲು ನಿಮಗೂ ಬಾಯಿ ಬರುತ್ತದೆ. ಆ ನಾಲ್ಕರಲ್ಲಿ ಗೆರೆ ಹಾಕಿದವನ ಪಾಲನ್ನು ಅವನಿಗೆ ಮುಟ್ಟಿಸಿ ಎಂದಷ್ಟೇ ನಮ್ಮ ಕೇಳಿಕೆ.

ಏನು ಮಾಡಬೇಕು?

ಒಂದು. ಗೆರೆಯ ಮಜೂರಿಯನ್ನು ಹೊಲಿಗೆಯ ಮಜೂರಿಯಿಂದ ಬೇರೆ ಮಾಡಿ ಕೇಳಬೇಕು. ಹೊಸ ನಮೂನೆಯ ರಟ್ಟಿನ ಅಚ್ಚು ಮಾಡಲು ಎರಡು ತಾಸು ಹಿಡಿಯಿತೆನ್ನಿ. ಒಂದೇ ಬೆಲ್ಟು ಮಾಡಿಸುವವನು ಎರಡು ತಾಸಿನದೂ ಕೊಡಬೇಕು. ಒಂದು ಡಜನ್ ಮಾಡಿಸುವವನಿಗೆ ಅದು ಹನ್ನೆರಡಕ್ಕೆ ಹಂಚಿಹೋಗುತ್ತದೆ, ಒಂದಕ್ಕೆ ಹತ್ತು ನಿಮಿಷದ ಮಜೂರಿ. ಇದರಲ್ಲಿ ಯಾರಿಗೂ ಅನ್ಯಾಯ ಇಲ್ಲ.

ಎರಡು. ರಟ್ಟಿನ ಅಚ್ಚು ಅದನ್ನು ಮಾಡಿದವನಲ್ಲಿಯೇ ಉಳಿಯಬೇಕು. ಬೆಲ್ಟಿನ ಜೊತೆಗೆ ಅಚ್ಚನ್ನೂ ಪುಕ್ಕಟೆ ಕೊಟ್ಟವನು ಮುಂದಿನ ಸಲ ಬರಿಯ ಹೊಲಿಗೆಯವನಾಗುತ್ತಾನೆ. ಈಗಾಗಲೇ ಹಾಗಾಗುತ್ತಿದೆ. ಪಟ್ಟಣದಿಂದ ಪ್ಲಾಸ್ಟಿಕ್ಕಿನ ಸಿದ್ಧ ಅಚ್ಚು ಬರುತ್ತದೆ, ಹುಡುಗರು ಅದರ ತೂತಿನಲ್ಲಿ ಚುಚ್ಚುತ್ತಾರೆ. ಚುಚ್ಚುವ ಹುಡುಗನನ್ನು ಯಾವತ್ತು ಬೇಕಾದರೂ ಬದಲಾಯಿಸಬಹುದು. ಗೆರೆ ಬಲ್ಲವನನ್ನು ಹಾಗೆ ಬದಲಾಯಿಸಲಾಗದು.

ಮೂರು. ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆಯ ಕೆಲಸಗಾರರು ಒಂದೊಂದು ನಮೂನೆಯ ವಹಿ ಇಡಬೇಕು. ಹಿರಿಯರ ಕೈಯಲ್ಲಿರುವ ಗೆರೆಗಳನ್ನು ಕಾಗದಕ್ಕೆ ಇಳಿಸಿ, ಎಷ್ಟು ಮನೆ, ಓರೆಗೆ ಎಷ್ಟು ಹೊಲಿಗೆ, ಯಾರಿಂದ ಕಲಿತದ್ದು, ಎಂದು ಬರೆದದ್ದು ಎಂಬುದನ್ನು ನಮೂದಿಸಬೇಕು. ಮುಂದೆ ಹಕ್ಕು ಕೇಳಲು ಹೋದಾಗ ಈ ವಹಿಯೇ ನಮ್ಮ ಸಾಕ್ಷಿ. ಶಾಲೆಗೆ ಹೋಗುವ ಮಕ್ಕಳು ಸಂಜೆ ಕೂತು ಅಪ್ಪನಿಗೆ, ಅಜ್ಜನಿಗೆ ಈ ಕೆಲಸ ಮಾಡಿಕೊಡಬಹುದು. ಭಿನ್ನರಾಶಿಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಮಾಸ್ತರರೂ ಹೇಳಿಕೊಡಲಾರರು.

ನಾಲ್ಕು. ಯಂತ್ರ ಬೇಡ ಎನ್ನುವವರು ನಾವಲ್ಲ. ಲೋಹಿಯಾ ಅವರು ಸಣ್ಣ ಯಂತ್ರದ ಮಾತು ಹೇಳಿದರು, ದುಡಿಯುವವನ ಕೈಗೆ ಎಟಕುವ, ಅವನನ್ನು ಹೊರಗೆ ತಳ್ಳದ ಯಂತ್ರ. ಪಟ್ಟಿ ಸಮನಾಗಿ ಕತ್ತರಿಸುವ ಒಂದು ಯಂತ್ರ, ಅಂಚು ನಯಗೊಳಿಸುವ ಒಂದು ಯಂತ್ರ, ಇವನ್ನು ಹತ್ತು ಮನೆಯವರು ಕೂಡಿ ಸಹಕಾರ ಸಂಘದ ಮೂಲಕ ಕೊಳ್ಳಬಹುದು. ಮೈ ನೋಯಿಸುವ ಕೆಲಸ ಯಂತ್ರಕ್ಕೆ ಹೋಗಲಿ. ಗೆರೆ ಹಾಕುವ ಕೆಲಸ ನಮ್ಮಲ್ಲೇ ಇರಲಿ.

ಬಂಧುಗಳೇ, ಇದರಿಂದ ನಾಳೆಯೇ ಎಲ್ಲರ ಮನೆಯಲ್ಲಿ ಹಾಲು ಉಕ್ಕುತ್ತದೆ ಎಂದು ನಾನು ಹೇಳುವುದಿಲ್ಲ. ಬೆಲ್ಟಿನ ಮೇಲೆ ಕೆಲವು ರೂಪಾಯಿ ಹೆಚ್ಚಾದೀತು. ಆದರೆ ಆ ರೂಪಾಯಿಯ ಜೊತೆಗೆ ಇನ್ನೊಂದು ಬರುತ್ತದೆ. ಇವನು ಆಲೋಚನೆ ಮಾಡಿದ್ದಾನೆ, ಅದಕ್ಕೆ ಹಣ ಎಂದು ಬಿಲ್ಲಿನಲ್ಲಿ ಒಂದು ಸಾಲು ಬರೆದ ದಿವಸ, ಚರ್ಮದವನಿಗೂ ತಲೆ ಉಂಟೆಂದು ಊರು ತನ್ನ ಕೈಯಾರೆ ಬರೆದುಕೊಟ್ಟಂತಾಗುತ್ತದೆ. ಹಾಗೆ ಬರೆಸಿಕೊಳ್ಳುವುದು ಭಾಷಣದಿಂದ ಆಗದು. ಬರುವ ಕಾರಹುಣ್ಣಿಮೆಗೆ ಕೊರಳಪಟ್ಟಿಯ ದರ ಗೊತ್ತುಮಾಡುವ ಮೊದಲು ಮೂರೂ ಊರಿನವರು ಒಂದು ಕಡೆ ಕೂತು, ಗೆರೆಗೆ ಇಷ್ಟು, ಹೊಲಿಗೆಗೆ ಇಷ್ಟು ಎಂದು ತೀರ್ಮಾನ ಮಾಡಿ. ಯಾರೂ ಅದಕ್ಕಿಂತ ಕಡಿಮೆಗೆ ಕೈ ಚಾಚಬೇಡಿ. ಅಂಗಡಿಯವರೂ ಆ ಸಭೆಗೆ ಬರಲಿ, ತಮ್ಮ ಲೆಕ್ಕವನ್ನೂ ಮುಂದಿಡಲಿ. ಅಳತೆ ಎಲ್ಲರ ಕಣ್ಣೆದುರಿಗೇ ಆಗಲಿ.